ತೊಳೆದ ಡಿಸ್ಕಿನ ಏಳನೇ ಹಾಡು

ಆಸ್ಪತ್ರೆಯ ಹಿಂಭಾಗದಲ್ಲಿ, ಬಾಯ್ಲರ್ ಕೋಣೆಯ ಪಕ್ಕ ಇರುವ ಲಾಂಡ್ರಿಗೆ ಹೋಗಿ ಅವಳ ನಿಜವಾದ ಹೆಸರು ಹಿಡಿದು ಕೇಳಿದರೆ ಒಬ್ಬರೂ ಗುರುತು ಹೇಳುವುದಿಲ್ಲ. ‘ರೇಡಿಯೊ ಎಲ್ಲಿ?’ ಅನ್ನಿ, ಎಲ್ಲರ ಬೆರಳೂ ಒಂದೇ ಕಡೆ ತೋರಿಸುತ್ತವೆ. ಬೆರಳಿನ ಅಗತ್ಯವೂ ಇಲ್ಲ, ದನಿ ಬಂದ ಕಡೆ ನಡೆದರೆ ಸಾಕು. ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ಶುರುವಾದ ಮಾತು ಮಧ್ಯಾಹ್ನ ಮೂರಕ್ಕೆ ಗೇಟು ದಾಟುವವರೆಗೂ ನಿಲ್ಲದು. ಊಟದ ಹೊತ್ತಿಗಾದರೂ ನಿಲ್ಲಬಹುದು ಅಂತ ಹೊಸಬರು ಆಸೆ ಇಟ್ಟುಕೊಳ್ಳುತ್ತಾರೆ. ಪಾಪ.

ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಬೆಡ್‌ಶೀಟ್ ಮಡಿಸುವುದು. ನಗಬೇಡಿ. ನಿಮ್ಮ ಮನೆಯ ಎರಡು ಬೆಡ್‌ಶೀಟ್ ಮಡಿಸಿಟ್ಟು ಸೊಂಟ ಹಿಡಿದುಕೊಳ್ಳುವವರು ನೀವು, ಇಲ್ಲಿ ದಿನಕ್ಕೆ ನಾನೂರು. ಇಸ್ತ್ರಿಯ ರೋಲರಿನಿಂದ ಹೊಗೆಯಾಡುತ್ತ ಬರುವ ಬಟ್ಟೆಯನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಫಟ್ ಅಂತ ಕೊಡವಿ, ಉದ್ದಕ್ಕೆ ಎರಡು ಸಲ ಮಡಿಸಬೇಕು. ಆಮೇಲೆ ಒಬ್ಬಳು ನಡೆದು ಬಂದು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಬಗ್ಗಿ ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿ ಕೊಡಬೇಕು. ಲಾಂಡ್ರಿಯಲ್ಲಿ ಇದಕ್ಕೆ ಜೋಡಿ ಅನ್ನುತ್ತಾರೆ. ನಡೆಯುವವಳು ಒಬ್ಬಳು, ನಿಲ್ಲುವವಳು ಒಬ್ಬಳು. ಒಮ್ಮೆ ಜೋಡಿ ಕೂಡಿತು ಅಂದರೆ ಬದಲಾಯಿಸುವುದಿಲ್ಲ, ಕೈಗೆ ಕೈ ಹೊಂದುವುದಕ್ಕೇ ವರ್ಷ ಹಿಡಿಯುತ್ತದೆ.

ರೇಡಿಯೊ ನಡೆಯುವವಳು. ನಿಲ್ಲುವವಳು ಅವಳ ಅತ್ತಿಗೆ, ಗಂಡನ ಅಕ್ಕ. ಮದುವೆಯಾಗಿ ಬಂದ ಹೊಸತರಲ್ಲಿ ಮನೆಯಲ್ಲಿ ಮಾತು ಕೇಳುವವರಿಲ್ಲದೆ ಒದ್ದಾಡುತ್ತಿದ್ದ ತಮ್ಮನ ಹೆಂಡತಿಯನ್ನು ಕೈ ಹಿಡಿದು ಲಾಂಡ್ರಿಗೆ ಕರೆತಂದವರೂ ಅವರೇ. ಅತ್ತಿಗೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಆರು ‘ಮೂಲೆ ನೋಡು’ ಅನ್ನುವುದೇ. ಒಬ್ಬರು ಮುಚ್ಚಿದ ಬಾಯಿ, ಒಬ್ಬರು ತೆರೆದ ಬಾಯಿ. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗಬೇಕು ಹೇಳಿ.

ಇನ್ನು ಆ ಡಿಸ್ಕಿನ ಕತೆ. ಬಟ್ಟೆ ತೊಳೆಯಲು ಹಾಕುವ ಮೊದಲು ಡಾಕ್ಟರ ಬಿಳಿ ಕೋಟುಗಳ ಜೇಬು ತಡಕಬೇಕು ಅನ್ನುವುದು ನಿಯಮ. ಕೊಳೆ ಬಟ್ಟೆ ವಿಂಗಡಿಸುವ ಕೋಣೆಯವರು ಒಂದು ದಿನ ಅದನ್ನು ಮರೆತರು. ಐದು ವರ್ಷದ ಹಿಂದಿನ ಮಾತು. ಇಸ್ತ್ರಿಗೆ ಬಂದ ಕೋಟಿನ ಜೇಬಿನಲ್ಲಿ ಗಟ್ಟಿಯಾಗಿ ಏನೋ ತಗುಲಿತು. ತೆಗೆದರೆ ಕಾಗದದ ಕವರು ಹಿಂಡಿದ ಹತ್ತಿಯಂತಾಗಿದೆ, ಒಳಗೊಂದು ಸಿ.ಡಿ. ಹೆಸರೂ ಇಲ್ಲ, ಊರೂ ಇಲ್ಲ. ಎಲ್ಲ ವಾರ್ಡಿಗೂ ಹೇಳಿ ಕಳಿಸಿದರು, ಯಾರೂ ನನ್ನದು ಅನ್ನಲಿಲ್ಲ. ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ಹಳೇ ಪ್ಲೇಯರಿನೊಳಗೆ ರೇಡಿಯೊ ಅದನ್ನು ತೂರಿಸಿದಳು.

ಅಬ್ಬಬ್ಬಾ! ಡುಬು ಡುಬು ಡುಬು ಅಂತ ಯಂತ್ರದ ತಾಳ, ಅದರ ಮೇಲೆ ಗಾಜಿನ ಗೋಲಿ ಚೆಲ್ಲಿದ ಹಾಗೆ ಕೀಬೋರ್ಡು, ಅದರ ಮೇಲೊಬ್ಬ ಹುಡುಗಿಯ ದನಿ. ಯಾವ ಭಾಷೆಯೋ ಯಾರಿಗೂ ತಿಳಿಯದು. ಹನ್ನೊಂದು ಹಾಡು, ಕೇಳಿಸಿದ ಹತ್ತೂ ಖುಷಿ. ಆ ಹುಡುಗಿಗೆ ಜನ್ಮದಲ್ಲಿ ಹಲ್ಲುನೋವು ಕೂಡ ಬಂದಿರಲಿಕ್ಕಿಲ್ಲ. ಏಳನೆಯದು ಮಾತ್ರ ನೀರಿನ ಪಾಲಾಗಿತ್ತು. ಪ್ಲೇಯರಿನ ಮೇಲೆ ಅಂಕಿ ಓಡುತ್ತದೆ, ದನಿ ಇಲ್ಲ. ಮೂರೂವರೆ ನಿಮಿಷ ಕಳೆದ ಮೇಲೆ ಎಂಟನೆಯದು ಧುಮುಕುತ್ತದೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಆರನೆಯದು ಮುಗಿದ ಕೂಡಲೇ ರೇಡಿಯೊ ಓಡಿ ಗುಂಡಿ ಒತ್ತಿ ಎಂಟಕ್ಕೆ ದಾಟಿಸುತ್ತಿದ್ದಳು. ತಡವಾದರೆ ‘ಗುಂಡಿ, ಗುಂಡಿ!’ ಅಂತ ಇಡೀ ಲಾಂಡ್ರಿ ಕೂಗುತ್ತಿತ್ತು.

ಆ ಡಿಸ್ಕು ಲಾಂಡ್ರಿಯನ್ನೇ ಬದಲಾಯಿಸಿಬಿಟ್ಟಿತು. ತಾಳದ ನಾಲ್ಕು ಏಟಿಗೆ ಕೊಡವುವುದು, ನಾಲ್ಕಕ್ಕೆ ಉದ್ದ ಮಡಿಸುವುದು, ನಾಲ್ಕಕ್ಕೆ ನಡೆದು ಬರುವುದು, ನಾಲ್ಕಕ್ಕೆ ಪೇರಿಸುವುದು. ಹದಿನಾರು ಏಟಿಗೆ ಒಂದು ಬೆಡ್‌ಶೀಟು. ಹನ್ನೆರಡಕ್ಕೆ ಮುಗಿಯುತ್ತಿದ್ದ ವಾರ್ಡಿನ ಬಟ್ಟೆ ಹನ್ನೊಂದಕ್ಕೇ ಟ್ರಾಲಿ ಏರಿತು. ಸೂಪರ್‌ವೈಸರ್ ಮೇಡಂ, ನಗುವುದಕ್ಕೂ ಅರ್ಜಿ ಕೇಳುವ ಹೆಂಗಸು, ಅವರೂ ಬಾಗಿಲಲ್ಲಿ ನಿಂತು ಪೆನ್ನಿನಿಂದ ತಾಳ ಹಾಕಿದ್ದನ್ನು ನೋಡಿದವರಿದ್ದಾರೆ. ಭಾಷೆ ತಿಳಿಯದಿದ್ದರೇನಂತೆ, ರೇಡಿಯೊ ಒಂದೊಂದು ಹಾಡಿಗೂ ಅರ್ಥ ಹಚ್ಚಿದಳು. ಮೂರನೆಯದು ಬಸ್ಸಿನ ಹಿಂದೆ ಓಡುವವಳದು. ಐದನೆಯದು ಹೊಸ ಚಪ್ಪಲಿ ಕೊಂಡವಳದು. ಒಂಬತ್ತನೆಯದು ಅತ್ತೆಯನ್ನು ಊರಿಗೆ ಕಳಿಸಿ ಮನೆಗೆ ಮರಳುತ್ತಿರುವ ಸೊಸೆಯದು. ಆ ಒಂಬತ್ತನೆಯದಕ್ಕೆ ಅತ್ತಿಗೆ ಕೂಡ ತುಟಿ ಕಚ್ಚಿ ನಕ್ಕಿದ್ದರು. ಅವರ ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೇ ಕುಣಿಯುವುದನ್ನು ರೇಡಿಯೊ ಎಷ್ಟೋ ಸಲ ಕಂಡಿದ್ದಳು.

ರೇಡಿಯೊಗೆ ಆ ಡಿಸ್ಕಿನ ಮೇಲೆ ನಂಬಿಕೆಯೇ ಬೆಳೆಯಿತು. ತಲೆನೋವೇ? ಎರಡನೆಯದು ಕೇಳು. ಗಂಡನ ಜೊತೆ ಜಗಳವೇ? ಐದನೆಯದು. ಮಗಳು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ದಿನವೂ ಅವಳು ಹತ್ತನೆಯದನ್ನು ಗುನುಗಿ ಸರಿಹೋಗಿದ್ದಳು. ಆಸ್ಪತ್ರೆಯವರು ಔಷಧದ ಬದಲು ಇದನ್ನೇ ಹಂಚಬೇಕು ಅನ್ನುವಷ್ಟು ಅವಳ ಅಭಿಮಾನ.

ಹಾಗಿರುವಾಗ ಅತ್ತಿಗೆಯ ಗಂಡ ತೀರಿಕೊಂಡರು. ರೇಡಿಯೊಗೆ ಅವರು ಭಾವ. ಗಡಿಯಾರ ರಿಪೇರಿ ಮಾಡುತ್ತಿದ್ದ ಮೆತ್ತನೆಯ ಮನುಷ್ಯ. ಒಂದು ಸಂಜೆ ಅಂಗಡಿಯಲ್ಲಿ ಮೇಜಿನ ಮೇಲೆ ತಲೆಯಿಟ್ಟವರು ಎತ್ತಲೇ ಇಲ್ಲ. ಒಂದು ತಿಂಗಳು ಮನೆಯಲ್ಲಿದ್ದು ಅತ್ತಿಗೆ ಕೆಲಸಕ್ಕೆ ಮರಳಿದರು. ಹತ್ತು ಮಾತು ಎರಡಕ್ಕಿಳಿಯಿತು. ‘ಮೂಲೆ ನೋಡು’ ಅನ್ನುವುದೂ ನಿಂತಿತು.

ಇಂಥ ಹೊತ್ತಲ್ಲಿ ರೇಡಿಯೊ ಸುಮ್ಮನಿರುತ್ತಾಳೆಯೇ? ಡಿಸ್ಕು ಹಾಕಿದಳು, ದನಿ ಏರಿಸಿದಳು. ಅತ್ತಿಗೆಯ ಕೈ ನಿಧಾನವಾದಷ್ಟೂ ಇವಳು ದನಿ ಜೋರು ಮಾಡಿದಳು. ಹಾಡಿನ ಮೇಲೆ ತನ್ನ ಮಾತನ್ನೂ ಸೇರಿಸಿದಳು. ‘ಅತ್ತಿಗೆ, ಬಸ್ಸು ಬಂತು ನೋಡಿ, ಓಡಿ ಓಡಿ!’ ಅನ್ನುವುದು, ತಾಳಕ್ಕೆ ಕುಣಿಯುತ್ತ ನಡೆದು ಬರುವುದು. ಅತ್ತಿಗೆ ನಾಲ್ಕು ಏಟಿಗೆ ಕೊಡವಬೇಕಾದಲ್ಲಿ ಆರಕ್ಕೆ ಕೊಡವುತ್ತಿದ್ದರು. ಮೂಲೆಗೆ ಮೂಲೆ ಕೂಡುತ್ತಿರಲಿಲ್ಲ. ಬೆಡ್‌ಶೀಟಿನ ರಾಶಿ ಕುಡುಕನ ಹಾಗೆ ವಾಲತೊಡಗಿತು. ಇವಳು ಇನ್ನೂ ಜೋರಾಗಿ ಹಾಡಿದಳು. ಒಳ್ಳೆಯ ಮನಸ್ಸೇ, ಆದರೆ ಒಳ್ಳೆಯ ಮನಸ್ಸಿನವರು ಕೊಡುವ ಕಾಟಕ್ಕೆ ಎದುರಾಡುವುದೂ ಕಷ್ಟ ನೋಡಿ.

ಮೂರು ತಿಂಗಳು ಹೀಗೇ ನಡೆಯಿತು. ಒಂದು ಗುರುವಾರ ಸೂಪರ್‌ವೈಸರ್ ಮೇಡಂ ಬೋರ್ಡಿಗೆ ಒಂದು ಚೀಟಿ ಚುಚ್ಚಿದರು. ಸೋಮವಾರದಿಂದ ಅತ್ತಿಗೆ ವಿಂಗಡಣೆ ಕೋಣೆಗೆ, ರೇಡಿಯೊಗೆ ಹೊಸ ಜೋಡಿ.

ವಿಂಗಡಣೆ ಕೋಣೆ ಅಂದರೆ ಲಾಂಡ್ರಿಯ ಆಚೆ ತುದಿ. ಕಿಟಕಿ ಇಲ್ಲ. ಬೆಳಗಿನಿಂದ ಮೂರರವರೆಗೆ ಕೊಳೆ ಬಟ್ಟೆಯ ಗುಡ್ಡದ ಎದುರು ಒಬ್ಬರೇ ಕೂತು, ಬಿಳಿಯದು ಇತ್ತ, ಹಸಿರಿನದು ಅತ್ತ ಎಸೆಯಬೇಕು. ಅಲ್ಲಿಗೆ ಯಾರೂ ಬೇಕಂತ ಹೋಗುವುದಿಲ್ಲ. ರೇಡಿಯೊ ಕೆಂಡಾಮಂಡಲವಾಗಿ ಮೇಡಂ ಮೇಜಿನ ಮುಂದೆ ನಿಂತಳು.

‘ಏನ್ ಮೇಡಂ ಇದು? ಅತ್ತಿಗೆ ಸ್ವಲ್ಪ ನಿಧಾನ ಆಗಿದಾರೆ, ನಿಜ. ಗಂಡ ಹೋಗಿ ನಾಲ್ಕು ತಿಂಗಳಾಯ್ತು ಅಷ್ಟೇ. ಅದಕ್ಕೆ ಅವರನ್ನ ಆ ಗವಿಗೆ ತಳ್ಳೋದಾ?’

ಮೇಡಂ ಕನ್ನಡಕ ತೆಗೆದರು. ‘ನಾನು ತಳ್ತಿಲ್ಲಮ್ಮ. ಅವರೇ ಬಂದು ಕೇಳಿದ್ದು. ಎರಡು ಸಲ ಕೇಳಿದ್ರು.’

ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ರೇಡಿಯೊ ಬಂದ್ ಆಯಿತು. ಅತ್ತಿಗೆಯನ್ನು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಹೇಳಿಬಿಡುತ್ತಾರೋ ಅನ್ನುವ ಹೆದರಿಕೆ.

ಮನೆಯಲ್ಲಿ ಗಂಡ ಹಿತ್ತಲ ಬಾಗಿಲಲ್ಲಿ ಕೂತು ಸೈಕಲ್ ಟ್ಯೂಬನ್ನು ನೀರಿನ ಬಕೆಟ್ಟಿಗೆ ಅದ್ದಿ ತೂತು ಹುಡುಕುತ್ತಿದ್ದ. ಇವಳು ಸೆರಗಿಗೆ ಮೂಗು ಒರೆಸುತ್ತ ಎಲ್ಲ ಹೇಳಿದಳು. ‘ನಾನೇನ್ ತಪ್ಪು ಮಾಡ್ದೆ ಹೇಳಿ. ನಿಮ್ಮಕ್ಕ ನಗಲಿ ಅಂತ ಗಂಟಲು ಹರ್ಕೊಂಡೆ. ಅದಕ್ಕೆ ಈ ಉಡುಗೊರೆ!’

ಗಂಡ ಗುಳ್ಳೆ ಬರುತ್ತಿದ್ದ ಕಡೆ ಬೆರಳಿಟ್ಟು ಹಿಡಿದ. ‘ಬೇಜಾರ್ ಮಾಡ್ಕೋಬೇಡ. ಅಲ್ಲಿ ನಿನ್ನ ಬಾಯಿ ಒಂದು, ಆ ಡಬ್ಬ ಒಂದು. ಮನೆಗೆ ಹೋದ್ರೆ ಬಂದೋರು ಹೋದೋರು ಸಮಾಧಾನ ಹೇಳ್ತಾರೆ. ಅಕ್ಕ ಎಲ್ಲಿ ಅಳಬೇಕು ಹೇಳು?’

‘ಅಳೋದ್ಯಾಕೆ? ಅಳಬಾರದು ಅಂತಾನೇ ಅಲ್ವಾ ನಾನು…’

‘ಅದೇ ನಾನು ಹೇಳಿದ್ದು’ ಅಂದವನೇ ಗಂಡ ಟ್ಯೂಬಿಗೆ ಅಂಟು ಹಚ್ಚತೊಡಗಿದ. ಬೇರೆ ದಿನವಾಗಿದ್ದರೆ ಇಷ್ಟಕ್ಕೆ ಬಕೆಟ್ಟಿನ ನೀರು ಅವನ ತಲೆ ಮೇಲಿರುತ್ತಿತ್ತು. ಅವತ್ತು ಅವಳು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಶುಕ್ರವಾರ ಬೆಳಿಗ್ಗೆ ಡಿಸ್ಕು ಹಾಕಲಿಲ್ಲ. ಮಾತೂ ಆಡಲಿಲ್ಲ. ಲಾಂಡ್ರಿಗೆ ಲಾಂಡ್ರಿಯೇ ಬೆಪ್ಪಾಯಿತು. ರೋಲರಿನವಳು ‘ಜ್ವರಾನಾ?’ ಅಂತ ಹಣೆ ಮುಟ್ಟಿ ನೋಡಿದಳು. ತಾಳವಿಲ್ಲದೆ ಎಲ್ಲರ ಕೈಯೂ ದಿಕ್ಕಾಪಾಲಾಯಿತು. ಒಂಬತ್ತು ಗಂಟೆಗೆ ಹೋಗಬೇಕಿದ್ದ ಮೊದಲ ಟ್ರಾಲಿ ಹತ್ತಾದರೂ ತುಂಬಲಿಲ್ಲ. ರೇಡಿಯೊಗೆ ಬಾಯಿ ಬಿಗಿಹಿಡಿದು ದವಡೆ ನೋಯುತ್ತಿತ್ತು. ಕೊನೆಗೆ ಅತ್ತಿಗೆಯೇ ಅಂದರು, ‘ನನ್ನೊಬ್ಬಳಿಗೋಸ್ಕರ ಎಲ್ಲರ ಹಾಡು ನಿಲ್ಲಿಸಬೇಡ ಕಣೇ. ಹಾಕು. ಇನ್ನು ಎರಡು ದಿನ ತಾನೇ.’

ಆ ‘ಎರಡು ದಿನ’ ರೇಡಿಯೊಗೆ ಚುಚ್ಚಿತು. ಹೋಗಿ ಹಾಕಿದಳು, ದನಿ ಸಣ್ಣದಾಗಿಟ್ಟಳು. ಒಂದು, ಎರಡು, ಬಸ್ಸಿನ ಹಿಂದೆ ಓಡುವವಳು, ಚಪ್ಪಲಿಯವಳು. ಕೈಗಳು ಮತ್ತೆ ದಾರಿಗೆ ಬಂದವು. ಆರನೆಯದು ಮುಗಿಯುವಾಗ ಇಬ್ಬರ ನಡುವೆ ದೊಡ್ಡದೊಂದು ಬೆಡ್‌ಶೀಟು ಹರಡಿತ್ತು. ತಾಳ ನಿಂತಿತು. ಓಡಲು ಕಾಲೆತ್ತಿದ ರೇಡಿಯೊ ಎದುರಿಗೆ ನೋಡಿದಳು. ಅತ್ತಿಗೆಯ ಎರಡೂ ಭುಜ, ನಾಲ್ಕು ತಿಂಗಳಿಂದ ಕಿವಿಯ ಹತ್ತಿರ ಸೆಟೆದುಕೊಂಡಿದ್ದ ಭುಜ, ನಿಧಾನಕ್ಕೆ ಕೆಳಗಿಳಿದವು. ಅಷ್ಟೇ ಆದದ್ದು.

‘ಗುಂಡಿ, ಗುಂಡಿ!’ ಅಂತ ಆಚೆಯಿಂದ ಕೂಗಿದರು.

‘ಇರಲಿ ಬಿಡ್ರೇ’ ಅಂದಳು ರೇಡಿಯೊ. ಮೂಲೆಗಳನ್ನು ಬಿಡಲಿಲ್ಲ.

ತಾಳವಿಲ್ಲದ್ದರಿಂದ ಅತ್ತಿಗೆ ತಮ್ಮ ಲೆಕ್ಕದಲ್ಲಿ ಕೊಡವಿದರು. ಇವಳು ಅವರ ಲೆಕ್ಕಕ್ಕೆ ಕಾದು ಮಡಿಸಿದಳು. ಒಂದಾಯಿತು. ಎರಡಾಯಿತು. ರೇಡಿಯೊಳ ನಾಲಿಗೆ ಬಾಯೊಳಗೆ ಹಗ್ಗ ಜಗ್ಗುತ್ತಿತ್ತು. ಒಂದು ಮಾತು, ಒಂದೇ ಒಂದು! ಕಚ್ಚಿ ಹಿಡಿದಳು. ಮೂರನೆಯ ಬೆಡ್‌ಶೀಟಿಗೆ ಅತ್ತಿಗೆ ಬಾಯಿ ತೆರೆದರು.

‘ಇಪ್ಪತ್ತಾರು ವರ್ಷ ಹೇಳಿಕೊಟ್ಟೆ. ಒಂದು ದಿನ ಮೂಲೆ ಸರಿಯಾಗಿ ಹಿಡೀಲಿಲ್ಲ ಕಣೇ ನಿಮ್ಮ ಭಾವ. ಅಷ್ಟು ಸಣ್ಣ ಗಡಿಯಾರದ ಹಲ್ಲು ಜೋಡಿಸೋ ಕೈ, ಒಂದು ಬೆಡ್‌ಶೀಟು ಕೊಟ್ರೆ ಸೊಟ್ಟ.’

ರೇಡಿಯೊ ತನ್ನ ಎರಡು ಮೂಲೆ ಜೋಡಿಸಿದಳು.

‘ಬೈತಿದ್ದೆ. ಬಿಡಿ, ನಿಮ್ಮ ಕೈಲಾಗಲ್ಲ, ನಾನೊಬ್ಬಳೇ ಮಡಿಸ್ಕೋತೀನಿ ಅಂತಿದ್ದೆ. ಈಗ ಒಬ್ಬಳೇ ಮಡಿಸ್ತೀನಿ. ಒಂದು ತುದಿ ಗಲ್ಲದ ಕೆಳಗೆ ಸಿಗಿಸ್ಕೊಂಡು.’

ಅವರ ಕಣ್ಣು ತುಂಬಿತು. ಎರಡೂ ಕೈಯಲ್ಲಿ ಮೂಲೆಗಳಿದ್ದವಲ್ಲ, ಭುಜಕ್ಕೇ ಕೆನ್ನೆ ಒರೆಸಿಕೊಂಡರು. ರೇಡಿಯೊ ನಡೆದು ಬಂದು ತನ್ನ ತುದಿಯನ್ನು ಅವರ ಕೈಗೆ ಕೊಟ್ಟಳು, ಕೊಟ್ಟ ಮೇಲೂ ಕೈ ಬಿಡಲಿಲ್ಲ. ಅವಳಿಗೂ ಅಳು ಬಂದಿತ್ತು. ತಾನು ಮೂರು ತಿಂಗಳು ಈ ಮಾತಿನ ಮೇಲೆಯೇ ಡುಬು ಡುಬು ಅಂತ ಕುಣಿದಿದ್ದು ಅವಳಿಗೆ ಈಗ ಹೊಳೆಯಿತು. ಅಷ್ಟರಲ್ಲಿ ಎಂಟನೆಯದು ಧುಮುಕಿತು. ಅತ್ತಿಗೆ ಮೂಗೆಳೆದುಕೊಂಡು ನೆಟ್ಟಗೆ ನಿಂತರು.

‘ನಿನ್ನ ಹುಡುಗಿ ಬಂದ್ಳು, ನಡಿ’ ಅಂದರು. ಆಮೇಲೆ ನಾಲ್ಕು ಏಟಿಗೆ ಸರಿಯಾಗಿ ಕೊಡವಿದರು.

ಎಂಟನೆಯ ಹಾಡು ಇನ್ನೂ ನಡೆದಿತ್ತು, ಬಾಗಿಲಲ್ಲಿ ಮೂಳೆ ಡಾಕ್ಟರು ಕಾಣಿಸಿಕೊಂಡರು. ಮುಖ ಬಿಗಿದೇ ಹುಟ್ಟಿದ ಮನುಷ್ಯ. ಅವರು ವಾರ್ಡಿಗೆ ಬಂದರೆ ಮುರಿದ ಕಾಲಿನವರೂ ಎದ್ದು ನಿಲ್ಲುತ್ತಾರೆ ಅಂತ ನರ್ಸುಗಳು ಆಡಿಕೊಳ್ಳುತ್ತಾರೆ. ಗುಂಡಿ ಬಿದ್ದುಹೋದ ಕೋಟು ಹಿಡಿದು ಬಂದವರು ಅಲ್ಲೇ ನಿಂತು ಕಿವಿಗೊಟ್ಟರು.

‘ಇದು… ಇದು ನನ್ನ ಡಿಸ್ಕು!’

ರೋಲರಿನವಳು ಬಾಯಿಗೆ ಸೆರಗು ತುರುಕಿಕೊಂಡಳು. ಡಾಕ್ಟರ ಕಿವಿ ಕೆಂಪಾಗಿತ್ತು. ‘ಅಂದರೆ, ಆಪರೇಷನ್ ಮಾಡುವಾಗ ಹಾಕ್ಕೋತೀನಿ. ಮೂಳೆ ಕೊರೆಯೋಕೆ ಒಳ್ಳೇ ತಾಳ. ಕಳೆದುಹೋಯ್ತು ಅಂತ ಆಗಲೇ ಇನ್ನೊಂದು ತಗೊಂಡೆ.’

‘ಐದು ವರ್ಷದ ಹಿಂದೆ ಕೇಳಿ ಕಳಿಸಿದ್ವಲ್ಲ ಸಾರ್, ನಂದು ಅಂತ ನೀವು ಹೇಳಲೇ ಇಲ್ಲ’ ಅಂದಳು ರೇಡಿಯೊ.

ಡಾಕ್ಟರು ಕೋಟನ್ನು ಟ್ರಾಲಿಯ ಮೇಲಿಟ್ಟರು. ‘ಈಗ ಆರು ಆದ ಮೇಲೆ ಏಳು ಬರಲೇ ಇಲ್ವಲ್ಲ? ಆಗಿನಿಂದ ಬಾಗಿಲಾಚೆ ನಿಂತು ಕೇಳ್ತಿದ್ದೆ.’

‘ನೀರು ಕುಡಿದು ಸತ್ತುಹೋಯ್ತು ಸಾರ್.’

‘ಅಯ್ಯೋ, ಅದೇ ಎಲ್ಲಕ್ಕಿಂತ ಚೆಂದದ್ದು. ನಾಳೆ ನನ್ನದನ್ನ ಕಾಪಿ ಮಾಡಿ ತಂದುಕೊಡ್ತೀನಿ’ ಅಂದು ಕೋಟನ್ನು ಅಲ್ಲೇ ಮರೆತು ಹೊರಟುಹೋದರು.

ಲಾಂಡ್ರಿಯವರಿಗೆ ಹಬ್ಬವೋ ಹಬ್ಬ. ರೇಡಿಯೊಗೆ ಮಾತ್ರ ಹಬ್ಬವೆನಿಸಲಿಲ್ಲ. ನೆನ್ನೆಯವರೆಗೆ ಆ ಮೂರೂವರೆ ನಿಮಿಷವನ್ನು ದಾಟಲು ಓಡುತ್ತಿದ್ದವಳು ಅವಳೇ. ಇವತ್ತು ಅದು ಸಿಕ್ಕಿತು, ನಾಳೆ ತುಂಬಿಹೋಗುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಮೆಲ್ಲಗೆ ಅಂದಳು, ‘ಅತ್ತಿಗೆ, ಆ ಏಳನೇದು ಏನಿರಬಹುದು?’

ಅತ್ತಿಗೆ ನಡೆಯುತ್ತಲೇ ಅಂದರು, ‘ಅಳೋ ಹಾಡೇ ಇರಬೇಕು ಕಣೇ. ಹನ್ನೊಂದರಲ್ಲಿ ಒಂದಾದ್ರೂ ಅಳದೆ ಇರ್ತಾಳಾ ಆ ಹುಡುಗಿ? ಪಾಪ, ಅತ್ತಿದ್ದು ಒಂದೇ ಸಲ, ಅದನ್ನೇ ನಾವು ಸೋಪು ಹಾಕಿ ತೊಳೆದುಬಿಟ್ವಿ.’

ಶನಿವಾರ ಹೊಸ ಡಿಸ್ಕು ಬಂತು. ಮೇಡಂ ತಾವೇ ಹಳೆಯದನ್ನು ತೆಗೆದು ಕಪಾಟಿನ ಅಂಚಿನಲ್ಲಿಟ್ಟು ಹೊಸದನ್ನು ಹಾಕಿದರು. ಆರರವರೆಗೆ ಎಲ್ಲ ಗೊತ್ತಿದ್ದದ್ದೇ. ಆರು ಮುಗಿಯಿತು. ರೋಲರು ನಿಲ್ಲಿಸಿದರು. ಎಲ್ಲರೂ ಕೈಕಟ್ಟಿ ನಿಂತರು. ರೇಡಿಯೊ ಬೆಡ್‌ಶೀಟಿನ ಮೂಲೆ ಗಟ್ಟಿಯಾಗಿ ಹಿಡಿದು ಅತ್ತಿಗೆಯನ್ನೇ ನೋಡುತ್ತಿದ್ದಳು.

ಡುಬು ಡುಬು ಡುಬು ಡುಬು! ಮಿಕ್ಕ ಹತ್ತಕ್ಕಿಂತ ಜೋರು. ನಡುನಡುವೆ ಚಪ್ಪಾಳೆ ಬೇರೆ. ಹುಡುಗಿ ‘ಹೇಯ್ ಹೇಯ್’ ಅಂತ ಕೇಕೆ ಹಾಕುತ್ತಾಳೆ, ಯಾರೋ ಪೀಪಿ ಊದುತ್ತಾರೆ.

ಅತ್ತಿಗೆ ಒಂದು ಕ್ಷಣ ಕಣ್ಣು ಮಿಟುಕಿಸಿದರು. ರೇಡಿಯೊಳ ಮುಖ ನೋಡಿದರು. ಆಮೇಲೆ ಹೊಟ್ಟೆಯೊಳಗಿಂದ ನಗು ಎದ್ದುಬಂತು. ಬೆಡ್‌ಶೀಟು ಕೈಬಿಟ್ಟು, ಟ್ರಾಲಿ ಹಿಡಿದು, ಬಗ್ಗಿ ಬಗ್ಗಿ ನಕ್ಕರು. ನಾಲ್ಕು ತಿಂಗಳ ಮೇಲೆ ಅವರ ನಗು ಕೇಳಿ ರೇಡಿಯೊ ಕೂಡ ಶುರುಮಾಡಿದಳು. ಇಬ್ಬರ ಕಣ್ಣಲ್ಲೂ ನೀರು. ಮಿಕ್ಕವರಿಗೆ ತಲೆಬುಡ ತಿಳಿಯದಿದ್ದರೂ ನಕ್ಕರು.

‘ಇವಳಿಗೆ ಅಳೋಕೇ ಬರಲ್ಲ ಕಣೇ!’ ಅಂದರು ಅತ್ತಿಗೆ, ಉಸಿರು ಸಿಕ್ಕ ಮೇಲೆ. ‘ತೆಗಿ ಅದನ್ನ. ನಮ್ಮ ಹಳೇದೇ ಹಾಕು.’

ಮೇಡಂಗೆ ಇದು ಸರಿಬರಲಿಲ್ಲ. ‘ಹಾಳಾದ ಡಿಸ್ಕು ಯಾಕಮ್ಮ? ಅಲ್ಲದೆ ಸೋಮವಾರದಿಂದ ನೀವು ವಿಂಗಡಣೆ ಕೋಣೆಗೆ ಹೋಗೋರು. ಅಲ್ಲಿ ಹಾಡೇ ಕೇಳ್ಸಲ್ಲ. ನಿಮಗೇನು, ಯಾವುದು ಹಾಕಿದ್ರೂ?’

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಕೆಳಗೆ ಬಿದ್ದ ಬೆಡ್‌ಶೀಟಿನ ಎರಡು ಮೂಲೆ ಹುಡುಕಿ ಎತ್ತಿಕೊಂಡರು.

‘ಆ ಚೀಟಿ ತೆಗೆದುಬಿಡಿ ಮೇಡಂ. ಇಲ್ಲಿ ಏಳನೇದು ಮೂರೂವರೆ ನಿಮಿಷ. ಆಮೇಲೆ ಎಂಟನೇದು ಬರುತ್ತೆ. ಅಲ್ಲಿ ಬೆಳಗಿಂದ ಮೂರು ಗಂಟೆವರೆಗೂ ಏಳನೇದೇ.’

ಮೇಡಂ ಬೋರ್ಡಿನ ಹತ್ತಿರ ಹೋಗಿ ಚೀಟಿಯ ಪಿನ್ನು ಕಿತ್ತರು. ರೇಡಿಯೊ ಕಪಾಟಿನ ಅಂಚಿನಿಂದ ಹಳೆಯ ಡಿಸ್ಕು ತೆಗೆದು, ಸೆರಗಿಗೆ ಒರೆಸಿ, ಪ್ಲೇಯರಿಗೆ ಹಾಕಿ ಓಡಿ ಬಂದು ತನ್ನ ಜಾಗದಲ್ಲಿ ನಿಂತಳು. ಹೇಳುವುದಕ್ಕೆ ಅವಳ ಬಾಯಲ್ಲಿ ನೂರು ಮಾತಿದ್ದವು, ಅಷ್ಟರಲ್ಲಿ ಅತ್ತಿಗೆಯೇ ಬಾಯಿ ತೆರೆದರು.

‘ಮೂಲೆ ನೋಡು’ ಅಂದರು.